ತಕ್ಕಡಿಗೆ ಮುದ್ರೆ ಬೇಕು, ಪುರಸಭೆಯ ಯಂತ್ರಕ್ಕೆ ಬೇಡವೇ?

ಕಡೂರಿನ ಸಂತೆಯಲ್ಲಿ ಈರುಳ್ಳಿ ತೂಗುವವನ ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕು. ತರೀಕೆರೆಯ ಕಿರಾಣಿ ಅಂಗಡಿಯ ತೂಕದ ಬಟ್ಟಿಗೂ ಇರಬೇಕು, ಅಜ್ಜಂಪುರದ ಅಂಗಡಿಯ ವಿದ್ಯುತ್ ತಕ್ಕಡಿಗೂ ಇರಬೇಕು. ಮುದ್ರೆ ಇಲ್ಲದಿದ್ದರೆ ದಂಡ. ಈ ಕಾನೂನಿನ ಮೇಲೆ ನಮಗೆ ತಕರಾರಿಲ್ಲ. ವ್ಯಾಪಾರಿ ಪ್ರಾಮಾಣಿಕನೇ ಇರಬಹುದು, ಆದರೆ ತಕ್ಕಡಿ ತಪ್ಪಿದ್ದರೆ ಅವನ ಪ್ರಾಮಾಣಿಕತೆಯಿಂದ ಕೊಳ್ಳುವವನ ಹೊಟ್ಟೆ ತುಂಬುವುದಿಲ್ಲ. ಆದ್ದರಿಂದ ಮನುಷ್ಯನನ್ನು ನಂಬಿದರೂ ತಕ್ಕಡಿಯನ್ನು ಪರೀಕ್ಷಿಸು ಎಂದು ಕಾನೂನು ಹೇಳುತ್ತದೆ.

ಇಂದು ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿಯೂ ತೂಗುವ ಕೆಲಸ ನಡೆಯುತ್ತಿದೆ. ಯಾರು ಮನೆಯ ಒಡೆಯ, ಯಾರಿಗೆ ಎಷ್ಟು ಕಂದಾಯ, ಯಾರ ಅಂಗಡಿಗೆ ಪರವಾನಗಿ, ಯಾವ ತಳ್ಳುಗಾಡಿಯವನಿಗೆ ಸಾಲದ ಶಿಫಾರಸು—ಇವೆಲ್ಲವನ್ನೂ ಈಗ ಕಂಪ್ಯೂಟರ್ ತೂಗುತ್ತದೆ. ಈ ತಕ್ಕಡಿಯನ್ನು ಯಾರು ಪರೀಕ್ಷಿಸಿದ್ದಾರೆ? ಇದು ಉಳ್ಳವನಿಗೂ ಇಲ್ಲದವನಿಗೂ, ಗಂಡಸಿಗೂ ಹೆಂಗಸಿಗೂ, ಓದು ಬಲ್ಲವನಿಗೂ ಬಾರದವನಿಗೂ ಒಂದೇ ತೂಕ ತೂಗುತ್ತದೆಯೇ? ಈ ಪ್ರಶ್ನೆಯನ್ನು ಈ ವಾರ ನಮ್ಮ ಗಿರಣಿ ಕಾರ್ಮಿಕರ ಮುಂದೆ, ಸಣ್ಣ ವ್ಯಾಪಾರಿಗಳ ಮುಂದೆ ಇಡಬಯಸುತ್ತೇವೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ನಾವು ಯಂತ್ರದ ವೈರಿಗಳಲ್ಲ. ಇದು ಈ ಮೂರು ಊರುಗಳ ಯಾವ ಅಧಿಕಾರಿಯ ಮೇಲಿನ ದೂರೂ ಅಲ್ಲ. ತಂತ್ರಾಂಶ ತಯಾರಾಗುವುದು ಬೆಂಗಳೂರಿನಲ್ಲಿ, ಅದಕ್ಕೆ ಜನರಿಂದ ಬೈಗುಳ ತಿನ್ನುವವರು ಇಲ್ಲಿಯ ಗುಮಾಸ್ತರು. ಆದರೆ ಯಂತ್ರ ಬಂದಿತೆಂದ ಮಾತ್ರಕ್ಕೆ ನ್ಯಾಯ ಬಂದಿತೆಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ. ತರಗತಿಯಲ್ಲಿ ಪಾಠ ಹೇಳಿದ ಅನುಭವ ನಮಗೂ ಉಂಟು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟೆವು, ಸಮಾನತೆ ಮುಗಿಯಿತು ಎನ್ನುವ ಮೇಷ್ಟ್ರು, ಹಿಂದಿನ ಬೆಂಚಿನ ಮಕ್ಕಳಿಗೆ ಕರಿಹಲಗೆ ಕಾಣುತ್ತದೆಯೇ ಎಂದು ಒಮ್ಮೆಯಾದರೂ ಹೋಗಿ ನೋಡಬೇಡವೇ?

ಇ-ಖಾತೆಯನ್ನೇ ತೆಗೆದುಕೊಳ್ಳೋಣ. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಮೋಸ, ಸುಳ್ಳು ಕಾಗದದ ದಂಧೆ ಇದರಿಂದ ತಗ್ಗುವುದಾದರೆ ಒಳ್ಳೆಯದೇ. ಆದರೆ ಖಾತೆ ಹುಟ್ಟಬೇಕಾದರೆ ಏನೇನು ಬೇಕು? ಕ್ರಯಪತ್ರ ಬೇಕು, ಋಣಭಾರ ಪತ್ರ ಬೇಕು, ಕಂದಾಯ ಕಟ್ಟಿದ ರಸೀತಿ ಬೇಕು, ಆಧಾರ್ ಬೇಕು, ಮನೆಯ ಛಾಯಾಚಿತ್ರ ಬೇಕು. ಬಡಾವಣೆಯಲ್ಲಿ ನಿವೇಶನ ಕೊಂಡವನ ಬೀರುವಿನಲ್ಲಿ ಇವೆಲ್ಲ ಇವೆ. ಅಜ್ಜನ ಹೆಸರಿನಲ್ಲೇ ಖಾತೆ ಉಳಿದ, ನಾಲ್ವರು ಅಣ್ಣತಮ್ಮಂದಿರು ಪಾಲಾಗದೆ ಬಾಳುತ್ತಿರುವ ಗಿರಣಿ ಕೂಲಿಯವನ ಮನೆಗೆ ಇವು ಎಲ್ಲಿಂದ ಬರಬೇಕು? ಗಂಡ ತೀರಿಹೋದ ಮೇಲೆ ಹಕ್ಕುಪತ್ರದಲ್ಲಿ ತನ್ನ ಹೆಸರು ಸೇರಿಸಲು ಅಲೆಯುವ ಹೆಣ್ಣುಮಗಳು ಏನು ಮಾಡಬೇಕು? ಕಾಗದ ಇದ್ದವನಿಗೆ ಯಂತ್ರ ಬಾಗಿಲು ತೆರೆಯಿತು. ಕಾಗದ ಇಲ್ಲದವನಿಗೆ ಹಳೆಯ ಬಾಗಿಲನ್ನೂ ಮುಚ್ಚಿತು. ಖಾತೆ ಇಲ್ಲದಿದ್ದರೆ ಮಾರುವ ಹಾಗಿಲ್ಲ, ಮನೆಯ ಮೇಲೆ ಬ್ಯಾಂಕಿನ ಸಾಲ ಹುಟ್ಟುವುದಿಲ್ಲ. ಮಗಳ ಮದುವೆಗೋ ಮಗನ ಓದಿಗೋ ಕೈಗೆ ಹಣ ಬೇಕಾದಾಗ ಬಡ್ಡಿ ಸಾಹುಕಾರನ ಜಗಲಿಯೇ ಗತಿ. ಅನಧಿಕೃತ ಬಡಾವಣೆಗಳ ಮನೆಗಳಿಗೆ ಬಿ-ಖಾತೆ ಕೊಡಲು 2025ರ ಫೆಬ್ರವರಿಯಲ್ಲಿ ಸರ್ಕಾರವೇ ಅಭಿಯಾನ ಹೂಡಬೇಕಾಯಿತು. ಎಷ್ಟು ಮನೆಗಳು ಹೊರಗುಳಿಯುತ್ತವೆಂದು ಮೊದಲೇ ಎಣಿಸಿದ್ದರೆ, ಕಡ್ಡಾಯ ಮೊದಲು ಪರಿಹಾರ ಆಮೇಲೆ ಎಂಬ ಈ ತಲೆಕೆಳಗಿನ ಕ್ರಮ ಬರುತ್ತಿತ್ತೇ?

ಸಣ್ಣ ವ್ಯಾಪಾರಿಗಳಿಗೆ ಬೇರೆ ಉದಾಹರಣೆ ಬೇಕಿಲ್ಲ. ಫೋನಿನಲ್ಲಿ ಹಣ ಪಡೆಯಿರಿ, ಆಧುನಿಕರಾಗಿರಿ ಎಂದು ವರ್ಷಗಟ್ಟಲೆ ಬೋಧಿಸಲಾಯಿತು. ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯಲ್ಲಿ ಹಾಗೆ ಪಡೆದವರಿಗೆ ಪ್ರೋತ್ಸಾಹಧನವನ್ನೂ ಇಟ್ಟರು. 2025ರ ಜುಲೈನಲ್ಲಿ ಏನಾಯಿತು? ಅದೇ ಫೋನಿನ ಲೆಕ್ಕವನ್ನು ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟೀಸು ಕಳಿಸಿತು. ಕಾನೂನಿನಲ್ಲಿ ಸರಕಿನ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಎಂದಿದೆ. ಆದರೆ ತೆರಿಗೆಯಿಲ್ಲದ ಹಾಲು ತರಕಾರಿಯ ಹಣ ಯಾವುದು, ಭಾವಮೈದ ಕೊಟ್ಟ ಕೈಸಾಲ ಯಾವುದು ಎಂದು ಯಂತ್ರಕ್ಕೆ ತಿಳಿಯದು, ಬಂದದ್ದನ್ನೆಲ್ಲ ಕೂಡಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಹಲಗೆಗಳು ಕಾಣಿಸಿದವು. ವ್ಯಾಪಾರಿಗಳು ಬಂದ್‌ಗೆ ಸಿದ್ಧರಾದರು. ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದು ಅದೇ ತಿಂಗಳು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಬೇಕಾಯಿತು. ದೊಡ್ಡ ಕಂಪನಿಗೆ ಲೆಕ್ಕಪರಿಶೋಧಕನಿದ್ದಾನೆ, ವಕೀಲನಿದ್ದಾನೆ. ಬೇಕರಿಯವನಿಗೆ ಇದ್ದದ್ದು ಗಾಬರಿ ಮಾತ್ರ. ಯಂತ್ರದ ತಪ್ಪು ಎಲ್ಲರ ಮೇಲೂ ಬೀಳಬಹುದು. ಆದರೆ ಅದನ್ನು ತಿದ್ದಿಸಿಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಅಸಮಾನತೆಯ ಬೇರು ಇಲ್ಲಿದೆ.

ಬೆರಳಚ್ಚಿನ ಕಥೆಯೂ ಇದೇ. ಅಡಕೆ ಸುಲಿದು ಕಪ್ಪಾದ ಬೆರಳು, ಸುಣ್ಣ ಸಿಮೆಂಟು ಹಿಡಿದು ಸವೆದ ಬೆರಳು, ಮೂಟೆ ಹೊತ್ತು ಜಡ್ಡುಗಟ್ಟಿದ ಕೈ—ಇವನ್ನು ಯಂತ್ರ ಗುರುತಿಸಲು ಒದ್ದಾಡುತ್ತದೆ. ದುಡಿಯದ ಕೈಯನ್ನು ತಟ್ಟನೆ ಗುರುತಿಸುತ್ತದೆ. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆಯೇ, ಬೆರಳಚ್ಚು ತಾಳೆಯಾಗದ ಪ್ರಮಾಣ ರಾಜಸ್ಥಾನದಲ್ಲಿ ನೂರಕ್ಕೆ 37, ಜಾರ್ಖಂಡದಲ್ಲಿ ನೂರಕ್ಕೆ 49ರವರೆಗೆ ಇತ್ತೆಂಬ ಅಂದಾಜುಗಳನ್ನು ಕೊಟ್ಟಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮದು. ಇಂದಿನ ಪೂಜಾರಿಯ ಹೆಸರು ಸರ್ವರ್.

ಎಲ್ಲರ ಕೈಯಲ್ಲೂ ಮೊಬೈಲು ಇದೆಯಲ್ಲ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು ನೂರಕ್ಕೆ 33. 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 79ರಷ್ಟು. ಹೆಂಗಸರಲ್ಲಿ ಇನ್ನೂ ಕಡಿಮೆ. ಆಮೇಲೆ ಸಂಖ್ಯೆ ಏರಿರಬಹುದು. ಆದರೆ ಮನೆಗೊಂದು ಮೊಬೈಲು ಇದ್ದು, ಅದು ಹಗಲೆಲ್ಲ ಗಂಡನ ಜೇಬಿನಲ್ಲಿದ್ದರೆ, ಹೆಂಡತಿಯ ಅರ್ಜಿಯ ಒಟಿಪಿ ಯಾರ ಕೈಗೆ ಬರುತ್ತದೆ?

‘ಭೂಮಿ’ ಯೋಜನೆ ನಮಗೆ ದೊಡ್ಡ ಪಾಠ. 2001ರ ಹೊತ್ತಿಗೆ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ. ಶಾನುಭೋಗರ ಮುಂದೆ ಕೈಕಟ್ಟಿ ನಿಲ್ಲುವ ಕಾಲ ಮುಗಿಯಿತೆಂದು ರೈತರು ಸಂತೋಷಪಟ್ಟರು, ಅದು ಸುಳ್ಳಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರಿನ 2002ರ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ನೂರಕ್ಕೆ 66 ಮಂದಿ ಲಂಚ ಕೊಟ್ಟಿದ್ದರೆ ಭೂಮಿ ಕೇಂದ್ರದಲ್ಲಿ ನೂರಕ್ಕೆ 3 ಮಂದಿ ಮಾತ್ರ ಕೊಟ್ಟಿದ್ದರು. ಆದರೆ 2007ರಲ್ಲಿ ಬೆಂಗಳೂರಿನ ಸುತ್ತ ಅಧ್ಯಯನ ಮಾಡಿದ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೇರೆಯೇ ಮಾತು ಹೇಳಿದರು: ದಾಖಲೆಯೆಲ್ಲ ಒಂದೆಡೆ ಸೇರಿದ್ದರಿಂದ ಭೂಮಿ ಹಿಡಿಯುವ ದೊಡ್ಡ ಕುಳಗಳಿಗೆ ಅನುಕೂಲವಾಯಿತು, ಸಣ್ಣ ಹಿಡುವಳಿದಾರನಿಗೆ ಅಲ್ಲ ಎಂದು. ಇವರಲ್ಲಿ ಯಾರು ಸುಳ್ಳು? ಯಾರೂ ಅಲ್ಲ. ಒಬ್ಬರು ಕಿಟಕಿಯ ಮುಂದೆ ನಿಂತು ಎಣಿಸಿದರು. ಇನ್ನೊಬ್ಬರು ಕಿಟಕಿಯಿಂದ ಹೋದ ಕಾಗದ ಕಡೆಗೆ ಯಾರ ಕೈ ಸೇರಿತೆಂದು ನೋಡಿದರು. ಎಷ್ಟು ಬೇಗ ಎಂಬ ಒಂದೇ ಪ್ರಶ್ನೆ ಕೇಳಿದರೆ ಯಂತ್ರ ಯಾವಾಗಲೂ ಪಾಸಾಗುತ್ತದೆ. ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಎರಡನೆಯ ಪ್ರಶ್ನೆಯೇ ಸಮಾನತೆಯ ಪರೀಕ್ಷೆ.

ಈ ಪರೀಕ್ಷೆ ನಮ್ಮ ಕಲ್ಪನೆಯಲ್ಲ. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳು ಯಾವುದೇ ನಿರ್ಧಾರ ಮಾಡುವಾಗ ಹೆಂಗಸರು, ಮುದುಕರು, ಅಂಗವಿಕಲರು, ಬೇರೆ ಜನಾಂಗದವರ ಮೇಲೆ ಅದರ ಪರಿಣಾಮವೇನೆಂದು ಗಮನಿಸಲೇಬೇಕು. ವೇಲ್ಸ್‌ನಲ್ಲಿ 2021ರಿಂದ ಬಡತನದ ಪ್ರಶ್ನೆಯನ್ನೂ ಕೇಳಬೇಕಾಗಿದೆ. 2020ರ ಆಗಸ್ಟ್‌ನಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ, ಮುಖ ಗುರುತಿಸುವ ಯಂತ್ರ ಬಳಸಿದ ದಕ್ಷಿಣ ವೇಲ್ಸ್ ಪೊಲೀಸರು ಆ ಯಂತ್ರ ಜನಾಂಗ, ಲಿಂಗದ ಭೇದ ಮಾಡುತ್ತದೆಯೇ ಎಂದು ತಾವೇ ಪರೀಕ್ಷಿಸದೆ ಕರ್ತವ್ಯ ತಪ್ಪಿದರೆಂದು ತೀರ್ಪಿತ್ತಿತು. ಮಾರಿದ ಕಂಪನಿ ಚೆನ್ನಾಗಿದೆ ಎಂದಿತು ಎಂಬ ಸಮಜಾಯಿಷಿ ನಡೆಯಲಿಲ್ಲ.

ಪರೀಕ್ಷಿಸದೆ ನಂಬಿದರೆ ಏನಾಗುತ್ತದೆಂಬುದಕ್ಕೂ ಅದೇ ದೇಶ ಸಾಕ್ಷಿ. ಅಲ್ಲಿಯ ಅಂಚೆ ಸಂಸ್ಥೆ 1999ರಿಂದ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶವನ್ನು ತಂದಿತು. ಉಪ ಅಂಚೆ ಕಚೇರಿ ನಡೆಸುತ್ತಿದ್ದವರಲ್ಲಿ ಅನೇಕರು ಜೊತೆಗೆ ಸಣ್ಣ ಅಂಗಡಿ ಇಟ್ಟುಕೊಂಡಿದ್ದವರು, ನಮ್ಮ ಓದುಗರಂಥವರೇ. ತಂತ್ರಾಂಶ ಇಲ್ಲದ ಕೊರತೆ ತೋರಿಸಿತು. ಕಂಪ್ಯೂಟರ್ ತಪ್ಪು ಹೇಳದು ಎಂದು 900ಕ್ಕೂ ಹೆಚ್ಚು ಮಂದಿಯನ್ನು ಕಳ್ಳರೆಂದು ಶಿಕ್ಷಿಸಲಾಯಿತು. ಕಡೆಗೆ 2024ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಿ ಶಿಕ್ಷೆಗಳನ್ನು ರದ್ದುಪಡಿಸಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಮುರಿದಿದ್ದವು, ಕೆಲವರು ತೀರಿಹೋಗಿದ್ದರು.

ನಮ್ಮಲ್ಲಿ ಇದಕ್ಕೆ ಕಾನೂನಿನ ಬಲವಿಲ್ಲ ಎನ್ನುವಂತಿಲ್ಲ. ಸಂವಿಧಾನದ 14ನೆಯ ವಿಧಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಕಣ್ಣು ಮಿಟುಕಿಸಿದರೆ ಮಾತ್ರ ಜೀವಂತನೆಂದು ಒಪ್ಪುವ ಯಂತ್ರದಿಂದ ಹೊರಗುಳಿದ ಆಮ್ಲ ದಾಳಿಯ ಸಂತ್ರಸ್ತರೂ ಕುರುಡರೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ, 2025ರ ಏಪ್ರಿಲ್ 30ರಂದು ನ್ಯಾಯಾಲಯ ಡಿಜಿಟಲ್ ಸೇವೆಯನ್ನು ತಲುಪುವುದೂ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸಾರಿತು. ನಮ್ಮ ರಾಜ್ಯದಲ್ಲೇ 2011ರ ಸಕಾಲ ಕಾಯ್ದೆ ಇದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಆದರೆ ಸೂಕ್ಷ್ಮ ಗಮನಿಸಿ: ದಿನದ ಎಣಿಕೆ ಶುರುವಾಗುವುದು ಅರ್ಜಿ ಯಂತ್ರದೊಳಗೆ ಸೇರಿ ಸಂಖ್ಯೆ ಬಂದ ಮೇಲೆ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಮೂರು ದಿನ ವಾಪಸು ಕಳಿಸಿದರೆ ಆ ಮೂರು ದಿನ ಯಾವ ಲೆಕ್ಕದಲ್ಲೂ ಇಲ್ಲ. ಕೂಲಿಯವನಿಗೆ ಅದು ಮೂರು ದಿನದ ಸಂಬಳ.

ಆದ್ದರಿಂದ ಕಡೂರು, ತರೀಕೆರೆ ಪುರಸಭೆಗಳ ಮತ್ತು ಅಜ್ಜಂಪುರ ಪಟ್ಟಣ ಪಂಚಾಯಿತಿಯ ಸದಸ್ಯರ ಮುಂದೆ ಈ ಬೇಡಿಕೆಗಳನ್ನು ಇಡುತ್ತೇವೆ:

1. ಯಾವುದೇ ಸೇವೆಯನ್ನು ಯಂತ್ರದ ಮೂಲಕ ಮಾತ್ರ ಎಂದು ಕಡ್ಡಾಯ ಮಾಡುವ ಮುನ್ನ, ಅದರಿಂದ ಯಾರು ಹೊರಗುಳಿಯುತ್ತಾರೆಂಬ ಪರೀಕ್ಷೆಯ ವರದಿ ಸಾಮಾನ್ಯ ಸಭೆಯ ಮುಂದೆ ಬರಬೇಕು. ಅದು ಕನ್ನಡದಲ್ಲಿರಬೇಕು, ಕಚೇರಿಯ ಹಲಗೆಯ ಮೇಲೆ ಅಂಟಿಸಬೇಕು.

2. ತಿರಸ್ಕೃತವಾದ ಮತ್ತು ಬಾಕಿ ಉಳಿದ ಅರ್ಜಿಗಳ ಲೆಕ್ಕವನ್ನು ವಾರ್ಡುವಾರು, ಹೆಂಗಸರೆಷ್ಟು, ಪರಿಶಿಷ್ಟರೆಷ್ಟು, ಬಾಡಿಗೆದಾರರೆಷ್ಟು ಎಂದು ಬಿಡಿಸಿ ಪ್ರತಿ ಆರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಅರ್ಜಿದಾರರ ಹೆಸರು ಬೇಡ, ಸಂಖ್ಯೆ ಸಾಕು.

3. ಕಾಗದದ ಅರ್ಜಿಯ ಒಂದು ಕಿಟಕಿ ಸದಾ ತೆರೆದಿರಬೇಕು. ಯಂತ್ರ ಕೆಟ್ಟ ದಿನ ಕಾಗದದ ಮೇಲೆ ಮುದ್ರೆ ಒತ್ತಿ ಸ್ವೀಕೃತಿ ಕೊಡಬೇಕು. ಸಕಾಲದ ದಿನ ಆ ಮುದ್ರೆಯಿಂದ ಎಣಿಕೆಯಾಗಬೇಕು.

4. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದೆ ವ್ಯಾಪಾರಿಗಳೇ ಇರಬೇಕು. ವ್ಯಾಪಾರಿಗಳ ಗಣತಿ, ಗುರುತಿನ ಚೀಟಿಗೆ ಬಳಸುವ ತಂತ್ರಾಂಶ ಮೊದಲು ಈ ಸಮಿತಿಯ ಪರೀಕ್ಷೆಗೆ ಬರಲಿ.

5. ಯಂತ್ರ ಹೇಳಿದ್ದು ತಪ್ಪೆಂದು ನಾಗರಿಕ ಹೇಳಿದರೆ ಅದನ್ನು ವಿಚಾರಿಸುವ ಅಧಿಕಾರಿ ಊರಿನಲ್ಲೇ ಇರಬೇಕು, ಅವನ ಹೆಸರು ಬಾಗಿಲ ಮೇಲಿರಬೇಕು.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುತ್ತಾರೆ. ಎರಡನೆಯ ಬೇಡಿಕೆಗೆ ಬೇಕಾದ ಅಂಕಿಗಳ ಬಹುಪಾಲು ಯಂತ್ರದ ಹೊಟ್ಟೆಯೊಳಗೇ ಇದೆ. ಉಳಿದದ್ದನ್ನು ಅರ್ಜಿ ತೆಗೆದುಕೊಳ್ಳುವಾಗ ಒಂದು ಸಾಲಿನಲ್ಲಿ ಕೇಳಬಹುದು. ಕಾಗದದ ಕಿಟಕಿಗೆ ಬೇಕಾದದ್ದು ಒಬ್ಬ ಗುಮಾಸ್ತ ಮತ್ತು ಒಂದು ರಬ್ಬರ್ ಮುದ್ರೆ. ತಂತ್ರಾಂಶ ಬೆಂಗಳೂರಿನದು, ನಾವೇನು ಮಾಡೋಣ ಎನ್ನುತ್ತಾರೆ. ತಂತ್ರಾಂಶ ಅವರದಿರಬಹುದು, ಜನ ನಮ್ಮವರಲ್ಲವೇ? ಮೂರು ಊರುಗಳ ಸಭೆಗಳು ಅಂಕಿ ಸಮೇತ ಠರಾವು ಮಾಡಿ ಕಳಿಸಿದರೆ ಪೌರಾಡಳಿತ ನಿರ್ದೇಶನಾಲಯ ಉತ್ತರ ಕೊಡಲೇಬೇಕಾಗುತ್ತದೆ. ಅಂಕಿಯಿಲ್ಲದ ಗೊಣಗಾಟವನ್ನು ಕಡತದಲ್ಲಿ ಹೂಳುವುದು ಸುಲಭ. ಅಂಕಿಯಿರುವ ಠರಾವನ್ನು ಹೂಳುವುದು ಕಷ್ಟ.

ಬಂಧುಗಳೇ, ಈ ಕೆಲಸ ಸದಸ್ಯರು ತಾವಾಗಿ ಮಾಡುತ್ತಾರೆಂದು ಕಾಯಬೇಡಿ. ನಿಮ್ಮ ಬೀದಿಯಲ್ಲಿ ಖಾತೆಯಾಗದ ಮನೆಗಳೆಷ್ಟು, ಪರವಾನಗಿ ಸಿಗದ ಅಂಗಡಿಗಳೆಷ್ಟು, ಬೆರಳು ತಾಳೆಯಾಗದ ಮುದುಕರೆಷ್ಟು ಎಂದು ನೀವೇ ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಗಿರಣಿಯ ಪಾಳಿ ಮುಗಿದ ಮೇಲೆ ನಾಲ್ವರು ಕೂತರೆ ಒಂದು ವಾರ್ಡಿನ ಲೆಕ್ಕ ಕೆಲವೇ ಸಂಜೆಗಳಲ್ಲಿ ಮುಗಿಯುತ್ತದೆ. ಅದನ್ನು ನಿಮ್ಮ ವಾರ್ಡಿನ ಸದಸ್ಯರ ಕೈಗೆ ಕೊಟ್ಟು, ಒಂದು ಪ್ರತಿಯನ್ನು ಕಚೇರಿಯಲ್ಲಿ ಸಲ್ಲಿಸಿ, ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಅದರ ಮೇಲೆ ಚರ್ಚೆಯಾಯಿತೇ ಎಂದು ಕೇಳಿ. ಆಗದಿದ್ದರೆ ಅದರ ಮುಂದಿನ ಸಭೆಯಲ್ಲಿಯೂ ಕೇಳಿ. ನಮ್ಮ ತಕ್ಕಡಿಯನ್ನು ಪರೀಕ್ಷಿಸುವ ಹಕ್ಕು ಸರ್ಕಾರಕ್ಕೆ ಇರುವಂತೆಯೇ ಸರ್ಕಾರದ ತಕ್ಕಡಿಯನ್ನು ಪರೀಕ್ಷಿಸುವ ಹಕ್ಕು ನಮಗೂ ಇದೆ.