ಗಿರಾಕಿಯ ಸಿಟ್ಟು ಶೋಕಿಯೇ?

ಉಪಗ್ರಹದಿಂದ ಅಂತರ್ಜಾಲ ಒದಗಿಸುವ ಸ್ಟಾರ್‌ಲಿಂಕಿಗೆ ಪರವಾನಗಿಯಿಲ್ಲ, ಯಾರೂ ಚಂದಾದಾರರಾಗಬೇಡಿರೆಂದು ಕೇಂದ್ರದ ದೂರಸಂಪರ್ಕ ಇಲಾಖೆ 2021ರ ನವೆಂಬರಿನಲ್ಲಿ ಸಾರಿತು. 99 ಡಾಲರ್ ಮುಂಗಡ ಕಟ್ಟಿದ್ದವರಿಗೆ ಹಣ ಮರಳಿಸಬೇಕಾಯಿತು. ಪರವಾನಗಿಗೆ ಮೊದಲೇ ಕೈಚಾಚಿದ ಕಂಪನಿಯ ವಕಾಲತ್ತು ನನಗೆ ಬೇಡ. ಆದರೆ ಗಿರಾಕಿಗಳ ಸಿಟ್ಟನ್ನು ಶೋಕಿಯೆನ್ನುವ ಪಟ್ಟಣಿಗರು ತರೀಕೆರೆಯಿಂದ ಕೆಮ್ಮಣ್ಣುಗುಂಡಿಯತ್ತ ಘಟ್ಟವೇರಿ ನೋಡಲಿ. ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ಗೋಪುರದ ಅಲೆ ದೂರ ಹರಿದೀತು. ಗುಡ್ಡದ ಮರೆಗೆ ಇಳಿಯದು. ನಾಲ್ಕು ಮನೆಗಾಗಿ ಅಲ್ಲಿಗೆ ತಂತಿಯೆಳೆಯುವ ಧರ್ಮಾತ್ಮ ಯಾರು? ಕಾಯಿರಿ ಎಂದರೆ ಕಾದಾರು. ಎಷ್ಟು ದಿನವೆಂದು ಹೇಳಬೇಡವೇ? 2022ರ ಜನವರಿಯಲ್ಲಿ ಹಣ ಮರಳಿಸುವಾಗ, ಪರವಾನಗಿ ಯಾವಾಗ ಸಿಕ್ಕೀತೋ ತಿಳಿಯದೆಂದು ಕಂಪನಿಯೇ ಬರೆಯಿತು. ಸಿಕ್ಕಿದ್ದು 2025ರ ಜೂನಿನಲ್ಲಿ. ಮೂರೂವರೆ ವರ್ಷ! ಬೇಡವೆಂದು ಸಾರಿದ ದಿನವೇ ಇಲಾಖೆ ತನ್ನ ತೀರ್ಮಾನಕ್ಕೂ ಒಂದು ಗಡುವು ಹಾಕಿಕೊಳ್ಳಬೇಕಿತ್ತು.