ಹಿತ್ತಲ ಮೆಣಸಿನ ಗಿಡ ಮತ್ತು ಆತುರದ ಕೃಷಿ

ಮುಂಗಾರು ಮಳೆ ನೆಲ ಹಿಡಿಯುತ್ತಿದ್ದಂತೆ ಬಚ್ಚಲ ನೀರು ಹರಿಯುವ ಹಿತ್ತಲ ಮೂಲೆಯಲ್ಲಿ ನಾಲ್ಕಾರು ಮೆಣಸಿನ ಅಗಿ ಹಚ್ಚುವುದು ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಬಹುಕಾಲದ ರೂಢಿ. ಕುಂದಗೋಳ, ಅಣ್ಣಿಗೇರಿ, ನವಲಗುಂದಗಳ ಎರೆಭೂಮಿಯಲ್ಲಿ ಮೆಣಸಿನಕಾಯಿ ಹೊಲದ ಪ್ರಮುಖ ಬೆಳೆಯೂ ಹೌದು. ಇಂತಹ ಸೀಮೆಯಲ್ಲಿಯೂ ಒಗ್ಗರಣೆಗೆ ಬೇಕಾದ ಹಸಿಮೆಣಸಿನಕಾಯಿಯನ್ನು ವಾರದ ಸಂತೆಯಿಂದ ತರುವ ಮನೆಗಳಿವೆ. ಮನೆಯಲ್ಲಿ ಹಚ್ಚಿದರೆ ಮುಟುರು ಬರುತ್ತದೆ, ಗಿಡ ಬದುಕುವುದಿಲ್ಲ ಎಂಬುದು ಇದಕ್ಕೆ ದೊರೆಯುವ ಸಾಮಾನ್ಯ ಉತ್ತರ.

ಈ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳಲಾಗದು. ಹಿತ್ತಲಿನ ಮೆಣಸಿನ ಗಿಡಗಳಲ್ಲಿ ಹೆಚ್ಚಿನವು ಸಾಯುವುದು ಅತಿಯಾದ ಉಪಚಾರದಿಂದ. ಹೆಚ್ಚು ನೀರು, ಹೆಚ್ಚು ಗೊಬ್ಬರ, ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಔಷಧಿ: ಮಾರುಕಟ್ಟೆಯು ಹೊಲಕ್ಕೆ ಕಲಿಸಿದ ಆತುರವೇ ಹಿತ್ತಲಿಗೂ ಕಾಲಿಟ್ಟಿದೆ.

ಮೊದಲ ತಪ್ಪು ಮಡಿಯಲ್ಲಿಯೇ ನಡೆಯುತ್ತದೆ. ಒತ್ತಾಗಿ ಬೀಜ ಚೆಲ್ಲಿ ದಿನವೂ ನೀರು ಚಿಮುಕಿಸಿದರೆ ಎಳೆಯ ಸಸಿಗಳ ಬುಡ ಕೊಳೆತು ರಾತ್ರೋರಾತ್ರಿ ಮಲಗಿಬಿಡುತ್ತವೆ. ಗೇಣೆತ್ತರದ ಮಡಿಯಲ್ಲಿ ವಿರಳವಾಗಿ ಬಿತ್ತಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಟ್ಟರೆ 35ರಿಂದ 45 ದಿನಗಳಲ್ಲಿ ಅಗಿ ಸಿದ್ಧವಾಗುತ್ತದೆ. ಬಚ್ಚಲ ಮೂಲೆಯನ್ನು ಬಾಳೆಗೋ ಕೆಸುವಿಗೋ ಬಿಟ್ಟುಕೊಡುವುದು ಲೇಸು. ಸದಾ ಒದ್ದೆಯಾದ ಮಣ್ಣು ಮೆಣಸಿನ ಬೇರಿಗೆ ಒಗ್ಗದು.

ನೀರಿನ ವಿಷಯದಲ್ಲಿ ನೆಲವನ್ನು ತಿಳಿದು ನಡೆಯಬೇಕು. ನವಲಗುಂದದ ಎರೆಮಣ್ಣು ಮೇಲೆ ಬಿರುಕು ಬಿಟ್ಟಂತೆ ಕಂಡರೂ ಒಳಗೆ ತೇವವನ್ನು ಬಹುದಿನ ಹಿಡಿದಿಟ್ಟಿರುತ್ತದೆ. ನಡುಮಧ್ಯಾಹ್ನ ಎಲೆ ಜೋತುಬಿದ್ದುದನ್ನು ಕಂಡು ಕೊಡ ಬಗ್ಗಿಸಿದರೆ ಬೇರಿಗೆ ಗಾಳಿಯಾಡದೆ ಗಿಡ ಸೊರಗುತ್ತದೆ. ಸಂಜೆಯ ತಂಪಿಗೆ ಎಲೆ ತಾನೇ ನಿಮಿರಿದರೆ ನೀರಿನ ಅಗತ್ಯವಿಲ್ಲವೆಂದೇ ಅರ್ಥ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಡೆ ಮಳೆ ಹೆಚ್ಚು. ಅಲ್ಲಿ ಏರುಮಡಿ ಮತ್ತು ಬಸಿಗಾಲುವೆ ಅನಿವಾರ್ಯ. ಮರದ ನೆರಳಿನಲ್ಲಿ ನೆಟ್ಟರೆ ಗಿಡ ಎತ್ತರವಾಗುತ್ತದೆಯೇ ಹೊರತು ಕಾಯಿ ಕಟ್ಟುವುದಿಲ್ಲ. ಬದನೆ, ಟೊಮೆಟೊ ಬೆಳೆದ ಜಾಗದಲ್ಲಿಯೇ ಮತ್ತೆ ಮೆಣಸನ್ನು ನೆಡುವುದೂ ತಪ್ಪು. ಮೂರೂ ಒಂದೇ ಕುಲದವು. ಒಂದರ ಸೊರಗು ರೋಗ ಮಣ್ಣಿನಲ್ಲಿ ಉಳಿದು ಇನ್ನೊಂದಕ್ಕೆ ತಗಲುತ್ತದೆ.

ಯೂರಿಯಾದ ಮೋಹವೂ ಕಡಿಮೆಯಿಲ್ಲ. ಒಂದು ಹಿಡಿ ಹಾಕಿದರೆ ಗಿಡ ಕಡುಹಸಿರಾಗಿ ಸೊಕ್ಕುತ್ತದೆ, ಹೂವು ಮಾತ್ರ ತಡವಾಗುತ್ತದೆ. ಎಳೆಯ ರಸಭರಿತ ಚಿಗುರು ಕೀಟಗಳನ್ನು ಕರೆಯುತ್ತದೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವೇ ಹಿತ್ತಲಿಗೆ ಸಾಕು. ಬೇಸಿಗೆಯ ತಾಪ 35 ಡಿಗ್ರಿ ದಾಟಿದಾಗ ಹೂವು ಉದುರುವುದು ಸಹಜ. ಅದನ್ನು ರೋಗವೆಂದು ಬಗೆದು ಔಷಧಿಗೆ ಓಡಬೇಕಿಲ್ಲ.

ಅತ್ಯಂತ ದೊಡ್ಡ ತಪ್ಪು ಮುಟುರಿನ ಚಿಕಿತ್ಸೆಯಲ್ಲಿದೆ. ಮುಟುರು ಒಂದೇ ರೋಗವಲ್ಲ. ಎಲೆಯ ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಕೆಳಮುಖವಾಗಿ, ಕವುಚಿದ ದೋಣಿಯಂತೆ ಬಾಗಿದ್ದರೆ ಮೈಟ್ ನುಸಿಯ ಕಾಟ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಎಂಟು ಕಾಲಿನ, ಜೇಡನ ಬಳಗದ ಜೀವಿ. ಒಂದಕ್ಕೆ ತಗಲುವ ವಿಷ ಇನ್ನೊಂದಕ್ಕೆ ತಗಲಬೇಕೆಂದಿಲ್ಲ. ಮೈಟ್ ಇರುವ ಗಿಡಕ್ಕೆ ಕೀಟನಾಶಕ ಹೊಡೆದರೆ ಅದನ್ನು ತಿಂದು ಬದುಕುವ ಉಪಕಾರಿ ಜೀವಿಗಳು ಸತ್ತು, ಮೈಟ್ ಇಮ್ಮಡಿಸುತ್ತದೆ. ಆಗ ಇನ್ನೊಂದು ವಿಷ, ಮತ್ತೊಂದು ಡಬ್ಬಿ. 2021–22ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳಿಗೆ ಆಗ್ನೇಯ ಏಷ್ಯಾ ಮೂಲದ ಹೊಸ ಥ್ರಿಪ್ಸ್ ಮುತ್ತಿದಾಗ, ಮೇಲಿಂದ ಮೇಲೆ ಸಿಂಪಡಿಸಿಯೂ ಬೆಳೆ ಉಳಿಸಿಕೊಳ್ಳಲಾಗದ ರೈತರು ಅನೇಕರು. ಆ ಕಹಿ ಅನುಭವವೇ ಎಚ್ಚರಿಕೆಯಾಗಬೇಕಿತ್ತು.

ಹೊಲಕ್ಕೆ ತಂದು ಉಳಿದ ಔಷಧಿಯನ್ನು ಹಿತ್ತಲಿನ ಗಿಡಕ್ಕೂ ಹೊಡೆಯುವ ಅಭ್ಯಾಸ ಇನ್ನೂ ಅಪಾಯಕಾರಿ. ಹಿತ್ತಲ ಕಾಯಿ ಕಿತ್ತ ಗಳಿಗೆಯಲ್ಲಿಯೇ ಅಡುಗೆಮನೆ ಸೇರುತ್ತದೆ. ವಿಷ ಇಳಿಯಲು ಕಾಲಾವಕಾಶವೇ ಇರುವುದಿಲ್ಲ. ಮಾನೋಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ ನಿಷೇಧಿಸಿದ್ದು 2005ರಷ್ಟು ಹಿಂದೆ. ಎಂಡೋಸಲ್ಫಾನ್ ಕಾಸರಗೋಡಿನ ಹಳ್ಳಿಗಳಿಗೆ ಮಾಡಿದ್ದೇನೆಂಬುದನ್ನು ಗುಡ್ಡಗಾಡಿನ ಜನರಿಗೆ ಹೊಸದಾಗಿ ಹೇಳಬೇಕಿಲ್ಲ. ನಾಲ್ಕು ಗಿಡಗಳಿಗೆ ಬೇಕಾದುದು ವಾರಕ್ಕೆರಡು ಬಾರಿ ಎಲೆಯನ್ನು ಮಗುಚಿ ನೋಡುವ ತಾಳ್ಮೆ. ಮುದುಡಿದ ಕುಡಿಯನ್ನು ಚಿವುಟಿ ಸುಡಬಹುದು. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಸೋಸಿ, ನುಸಿ ಕಡಿಮೆಯಿರುವಾಗಲೇ ಸಂಜೆ ಸಿಂಪಡಿಸಬಹುದು.

ಸಾಲ ತಂದು ಎಕರೆಗಟ್ಟಲೆ ಬೆಳೆದ ರೈತನಿಗೆ ಹೀಗೆ ಕಾದು ನೋಡುವುದು ಸುಲಭವಲ್ಲ. ಅವನನ್ನು ದೂಷಿಸುವುದು ನ್ಯಾಯವೂ ಅಲ್ಲ. ಆದರೆ ಹಿತ್ತಲಿನಲ್ಲಿ ಎರಡು ಗಿಡ ಸತ್ತರೆ ಮನೆ ಮುಳುಗುವುದಿಲ್ಲ. ಸೋತು ಕಲಿಯಲು ರೈತನಿಗೆ ಉಳಿದಿರುವ ಜಾಗ ಅದೊಂದೇ.

ಬೀಜ ಉಳಿಯಬೇಕಾದುದೂ ಅಲ್ಲಿಯೇ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅಮೆರಿಕ ಖಂಡದಿಂದ ಬಂದ ಈ ಸಸ್ಯಕ್ಕೆ ಮಲೆನಾಡಿನ ಕಾಳುಮೆಣಸಿನ ಹೆಸರನ್ನೇ ಕೊಟ್ಟು, ತಲೆಮಾರುಗಳ ಕಾಲ ಹಣ್ಣು ಆಯ್ದು, ಕಡಿಮೆ ಖಾರದ, ಕಡುಗೆಂಪಿನ ಬ್ಯಾಡಗಿ ತಳಿಯನ್ನು ರೂಪಿಸಿದವರು ಈ ಸೀಮೆಯ ಒಕ್ಕಲಿಗರು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಮಾನ್ಯತೆ ಕಾಗದದಲ್ಲಿರುತ್ತದೆ, ತಳಿ ಬೀಜದಲ್ಲಿರುತ್ತದೆ. ಅಂಗಡಿಯ ಸಂಕರ ಬೀಜದಿಂದ ಬೆಳೆದ ಕಾಯಿಯ ಬೀಜವನ್ನು ಮರುವರ್ಷ ಬಿತ್ತಿದರೆ ತಾಯಿಯ ಗುಣ ಕೂಡಿ ಬರುವುದಿಲ್ಲ. ಸೋತಾಗ ಮತ್ತೆ ಅಂಗಡಿಯೇ ಗತಿ. ಜವಾರಿ ಗಿಡದ ಪಕ್ಕದಲ್ಲಿ ಬೇರೆ ತಳಿಯಿದ್ದರೂ ಜೇನುನೊಣಗಳಿಂದ ಪರಾಗ ಬೆರೆಯುತ್ತದೆ. ಪ್ರಮಾಣಿತ ಬೀಜೋತ್ಪಾದನೆಗೆ ತಳಿಗಳ ನಡುವೆ 200 ಮೀಟರ್ ಅಂತರ ವಿಧಿಸಿರುವುದು ಇದೇ ಕಾರಣಕ್ಕೆ. ಹಿತ್ತಲಿನಲ್ಲಿ ಅಷ್ಟು ಅಂತರ ಸಿಗದು. ಮೊಗ್ಗು ಅರಳುವ ಮೊದಲೇ ಒಂದು ಕೊಂಬೆಗೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಗುರುತಿಗೆ ದಾರ ಸುತ್ತಿದರೆ ಸಾಕು.

ಬರುವ ಮುಂಗಾರಿಗೆ ಪ್ರತಿ ಮನೆಯೂ, ಪ್ರತಿ ಶಾಲೆಯ ಕೈತೋಟವೂ ಎರಡು ಜವಾರಿ ಗಿಡಗಳನ್ನು ಬೀಜಕ್ಕೆಂದೇ ಬಿಡಲಿ. ಎಲೆ ಮುದುಡಿದಾಗ ವಿದ್ಯಾರ್ಥಿಗಳು ಅದು ಮೇಲಕ್ಕೆ ಮಡಚಿದೆಯೋ ಕೆಳಕ್ಕೋ ಎಂದು ನೋಡಿ ಹಿರಿಯರಿಗೆ ಹೇಳಲಿ. ಔಷಧಿಯ ಡಬ್ಬಿ ತೆರೆಯುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಅದು.