ಕುಣಿಯುವ ಚಿತ್ರದ ಕೆಳಗೆ ಎರಡು ಸಾಲು ಬರೆಯಿರಿ

ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಹಾಗಾಗಿ ಇವತ್ತು ಯಾವ ಓಣಿಗೆ ನೀರು ಎಂಬುದು ಎಲ್ಲರಿಗೂ ಬೇಕಾದ ಸುದ್ದಿ. ಹಳ್ಳಿಯಲ್ಲಾದರೆ ಬೆಳೆವಿಮೆ ಕಟ್ಟುವ ಕೊನೆಯ ದಿನ, ಗ್ರಾಮಸಭೆಯ ದಿನ. ಇಂಥ ಸುದ್ದಿ ವಾಟ್ಸ್‌ಆ್ಯಪ್ ಗ್ರೂಪಿಗೆ ಬಣ್ಣ ಮಿಂಚುವ, ಅಕ್ಷರ ಓಡುವ ಜಿಫ್ ಚಿತ್ರವಾಗಿ ಬಂದರೆ ಕಣ್ಣು ಕಾಣದವರು ಏನು ಮಾಡಬೇಕು?

ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಟೈಪ್ ಮಾಡಿದ ಕನ್ನಡವನ್ನು ಅದು ಓದಿ ಹೇಳುತ್ತದೆ. ಚಿತ್ರದೊಳಗೆ ಓಡುವ ಅಕ್ಷರ ಸಾಮಾನ್ಯವಾಗಿ ಅದಕ್ಕೆ ಸಿಗುವುದಿಲ್ಲ. ಸುದ್ದಿ ಬಂತೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ.

ಮಿಂಚುವ ಚಿತ್ರ ಫಿಟ್ಸ್ ಇರುವ ಕೆಲವರಿಗೆ ಅಪಾಯ ಕೂಡ. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಕೆಂಪು-ನೀಲಿ ಬೆಳಕು ವೇಗವಾಗಿ ಮಿಂಚಿ, ನೋಡುತ್ತಿದ್ದ 600ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು. ಯಾವ ಚಿತ್ರವೂ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿಂಚಬಾರದು ಎಂಬುದು ಈಗ ವೆಬ್‌ಸೈಟುಗಳಿಗಿರುವ ಅಂತಾರಾಷ್ಟ್ರೀಯ ನಿಯಮ. ತಾನಾಗಿಯೇ 5 ಸೆಕೆಂಡಿಗಿಂತ ಹೆಚ್ಚು ಓಡುವ ಚಿತ್ರವನ್ನು ನಿಲ್ಲಿಸಲು ದಾರಿ ಇರಬೇಕು ಎಂದೂ ಅದು ಹೇಳುತ್ತದೆ.

ಕಾನೂನು ಏನನ್ನುತ್ತದೆ? ಮಾಹಿತಿ ಅಂಗವಿಕಲರಿಗೂ ಸಿಗುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಅಂದರೆ ನಾವು ಕೇಳುತ್ತಿರುವುದು ದಯೆಯನ್ನಲ್ಲ.

‘ನಮ್ಮ ಗ್ರೂಪಿನಲ್ಲಿ ಅಂಥವರು ಯಾರೂ ಇಲ್ಲ’ ಎನ್ನುವವರಿದ್ದಾರೆ. ತಿಳಿಯದ್ದನ್ನೇ ದಿನಾ ಹಾಕುತ್ತಿದ್ದರೆ ಅವರು ಯಾಕೆ ಉಳಿದಾರು? ‘ಟೈಮ್ ಇಲ್ಲ’ ಎನ್ನುವವರೂ ಇದ್ದಾರೆ. ಅಕ್ಷರ ಕುಣಿಸಲು ಇರುವ ಟೈಮ್, ಅದೇ ಮಾತನ್ನು ಟೈಪ್ ಮಾಡಲು ಇಲ್ಲವೇ?

ಕಚೇರಿಯವರಿಗೆ, ಸುದ್ದಿ ಪೇಜಿನವರಿಗೆ, ಗ್ರೂಪ್ ಅಡ್ಮಿನ್‌ಗಳಿಗೆ ನಮ್ಮ ಬೇಡಿಕೆ ಮೂರೇ. ಚಿತ್ರದಲ್ಲಿರುವ ದಿನ, ಹೊತ್ತು, ಜಾಗವನ್ನು ಕೆಳಗೆ ಟೈಪ್ ಮಾಡಿ. ಮಿಂಚುವ ಬಣ್ಣ ಬಿಡಿ. ಮುಖ್ಯ ಸೂಚನೆಯನ್ನು ನಿಂತ ಅಕ್ಷರದಲ್ಲೇ ಕೊಡಿ. ಓದು ಬಾರದ ಅಜ್ಜಿಗೂ ಆಗ ಫೋನು ಓದಿ ಹೇಳುತ್ತದೆ, ನೆಟ್‌ವರ್ಕ್ ಕಡಿಮೆ ಇರುವ ಹೊಲದಲ್ಲೂ ಸುದ್ದಿ ಬೇಗ ತೆರೆಯುತ್ತದೆ.

ನಿಮ್ಮ ಗ್ರೂಪಿಗೆ ಇಂಥ ಚಿತ್ರ ಬಂದರೆ ಲೈಕ್ ಒತ್ತಿ ಸುಮ್ಮನಾಗಬೇಡಿ. ‘ಇದರಲ್ಲಿ ಏನಿದೆ, ಬರೆದು ಹಾಕಿ’ ಎಂದು ಕೇಳಿ. ಹಾಕುವವರೆಗೂ ಕೇಳಿ.